ಮಾಸ್ಟರಿಗೆ ಓದಿ ಹೇಳಿದ ಅಮೆರಿಕ

ಅಮೆರಿಕದ ಚರಿತ್ರೆಯನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ. ರಾಜಾಜಿನಗರದ ಒಂದು ಹೊಸ ಮನೆಯ ವರಾಂಡದಲ್ಲಿ, ಕಣ್ಣು ಕಾಣದ ಒಬ್ಬ ಮುದುಕರ ಎದುರಿಗೆ ಸ್ಟೂಲಿನ ಮೇಲೆ ಕೂತು. ಆ ಪುಸ್ತಕಗಳ ಹಾಳೆಗಳ ನಡುವೆ ನಶ್ಯದ ಪುಡಿ ಉದುರಿರುತ್ತಿತ್ತು. ಹಾಳೆ ತಿರುಗಿಸಿದಾಗಲೆಲ್ಲ ಬೆರಳಿಗೆ ಹತ್ತುತ್ತಿತ್ತು. ಮನೆಗೆ ಬಂದು ಸೀಗೆಪುಡಿ ಹಾಕಿ ಉಜ್ಜಿದರೂ ವಾಸನೆ ಹೋಗುತ್ತಿರಲಿಲ್ಲ. ಆದರೆ ನನಗೆ ಹೇಸಿಗೆ ಹುಟ್ಟಿಸಿದ್ದು ನಶ್ಯ ಒಂದೇ ಅಲ್ಲ.

ಭಾಷಾವಾರು ರಾಜ್ಯವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ನಾನು ಎಸ್.ಎಸ್.ಎಲ್.ಸಿ. ಪಾಸಾಗಿ ಮನೆಯಲ್ಲಿ ಕೂತಿದ್ದೆ. ನಮ್ಮ ಮನೆ ಹೊಸಹಳ್ಳಿಯಲ್ಲಿ. ಆಗ ಅದು ಹೆಸರಿಗೆ ತಕ್ಕಂತೆ ಹಳ್ಳಿಯೇ. ಸುತ್ತ ರಾಗಿ ಹೊಲ, ಅವರೆ ಹೊಲ, ಒಂದು ಸೇದುವ ಬಾವಿ. ಅಪ್ಪನದು ಗಾರೆ ಕೆಲಸ. ಮಾಗಡಿ ರಸ್ತೆ ದಾಟಿ ಆಚೆಗೆ ಹೋದರೆ ರಾಜಾಜಿನಗರ ಎಂಬ ಹೊಸ ಊರು ಎದ್ದೇಳುತ್ತಿತ್ತು. ಅಲ್ಲಿ ಎಲ್ಲಿ ನೋಡಿದರೂ ಕಲ್ಲಿನ ಗುಡ್ಡೆ, ಸುಣ್ಣದ ಗುಂಡಿ, ಅರ್ಧ ಎದ್ದ ಗೋಡೆ. ಅಪ್ಪನಿಗೆ ಕೈತುಂಬ ಕೆಲಸ. ಅಮ್ಮ ಮನೆಯಲ್ಲೇ ಇದ್ದಳು. ಬಹಳ ಹಿಂದೆ, ಯುದ್ಧದ ಕಾಲದಲ್ಲಿ, ಅವಳು ಪೇಟೆ ಕಡೆಯ ಒಂದು ಬಟ್ಟೆ ಮಿಲ್ಲಿನಲ್ಲಿ ನೂಲು ಸುತ್ತುವ ಕೆಲಸ ಮಾಡಿದ್ದಳು ಎಂಬುದು ನನಗೆ ಗೊತ್ತಿತ್ತು. ಯಾಕೆ ಬಿಟ್ಟಳು ಎಂದು ನಾನು ಕೇಳಿರಲಿಲ್ಲ. ಮಕ್ಕಳಾದ ಮೇಲೆ ಬಿಡುವುದು ಸಹಜ ಎಂದುಕೊಂಡಿದ್ದೆ.

ಒಂದು ಸಂಜೆ ಅಪ್ಪ ಕಾಲು ತೊಳೆದುಕೊಂಡು ಒಳಗೆ ಬರುತ್ತಲೇ ಹೇಳಿದ: "ನಾನು ಗಾರೆ ಮಾಡ್ತಾ ಇದೀನಲ್ಲ, ಆ ಮನೆ ಯಜಮಾನ್ರಿಗೆ ಕಣ್ಣು ಪೂರಾ ಹೋಗಿದೆಯಂತೆ. ಇಂಗ್ಲಿಷ್ ಪುಸ್ತಕ ಓದಿ ಹೇಳೋರು ಬೇಕಂತೆ. ಕಾಲೇಜು ಹುಡುಗ್ರು ಬರ್ತಾರೆ, ನಾಲ್ಕು ದಿನಕ್ಕೆ ಓಡಿಹೋಗ್ತಾರಂತೆ."

ಅಮ್ಮ ಮುದ್ದೆ ತೊಳಸುತ್ತಿದ್ದಳು. "ಏನು ಕೆಲಸದಲ್ಲಿದ್ರಂತೆ?" ಎಂದಳು.

"ಮಿಲ್ಲಲ್ಲಿ. ಸ್ಪಿನ್ನಿಂಗ್ ಮಾಸ್ಟ್ರಂತೆ, ನೂಲಿನ ವಿಭಾಗಕ್ಕೆಲ್ಲ ಮೇಲಿನವರು."

ಅಮ್ಮನ ಕೈ ನಿಂತಿತು. ಯಾವ ಮಿಲ್ಲು ಎಂದು ಕೇಳಿದಳು, ಅಪ್ಪ ಹೇಳಿದ. ಆಮೇಲೆ ಅವಳು ಮತ್ತೆ ಮುದ್ದೆ ತಿರುವಲು ಶುರುಮಾಡಿ, ತಲೆ ಎತ್ತದೆ, "ಇವಳನ್ನ ಕಳಿಸೋಣ" ಎಂದಳು. ನಾನೂ ಅಪ್ಪನೂ ಮುಖ ಮುಖ ನೋಡಿಕೊಂಡೆವು. ನಾನು ಹೊಲಿಗೆ ಕಲಿಯಲು ಗಾಂಧಿನಗರಕ್ಕೆ ಹೋಗುತ್ತೇನೆ ಎಂದಾಗ ಬೇಡವೆಂದು ಹಟ ಹಿಡಿದವಳು ಅವಳೇ. ಈಗ ಅವರು ಏನು ಕೊಡುತ್ತಾರೆ ಎಂದು ಕೂಡ ಕೇಳಲಿಲ್ಲ.

ಎಲ್ಲರೂ ಅವರನ್ನು ಮಾಸ್ಟ್ರು ಎನ್ನುತ್ತಿದ್ದರು. ನಾನೂ ಹಾಗೆಯೇ ಬರೆಯುತ್ತೇನೆ. ಅವರ ಬಗ್ಗೆ ಬಹುವಚನ ಬಿಟ್ಟು ಬರೆಯಬೇಕು ಎಂದು ಎಷ್ಟೋ ಸಲ ಅನ್ನಿಸಿದೆ. ಆದರೆ ಕೈ ಒಗ್ಗಿಹೋಗಿದೆ, ಸುಲಭಕ್ಕೆ ಬಿಡುವುದಿಲ್ಲ.

ಎತ್ತರದ ಆಳು. ಒಗೆದು ಇಸ್ತ್ರಿ ಮಾಡಿದ ಪಂಚೆ, ಗುಂಡಿ ಹಾಕಿದ ಕೋಟು. ಕಣ್ಣುಗಳು ತೆರೆದೇ ಇರುತ್ತಿದ್ದವು, ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ. ಹೆಂಡತಿ ತೀರಿಕೊಂಡಿದ್ದರು. ಮಗ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇಂಜಿನಿಯರು, ಬೆಳಗ್ಗೆ ಹೋದರೆ ಸಂಜೆಯೇ ಬರುತ್ತಿದ್ದುದು. ಮನೆಯಲ್ಲಿ ಉಳಿಯುತ್ತಿದ್ದವರು ಸೊಸೆ ಒಬ್ಬರೇ. ಅವರು ಬಾಗಿಲ ಒಳಗಿನಿಂದಲೇ ಮಾತಾಡುತ್ತಿದ್ದರು, ನನಗೆ ಕಾಫಿಯನ್ನು ಬೇರೆ ಲೋಟದಲ್ಲಿ ತಂದು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದರು. ಕುಡಿದ ಮೇಲೆ ನಾನೇ ತೊಳೆದು ಅಲ್ಲೇ ಕವುಚಿ ಬರಬೇಕು.

ವರಾಂಡದ ಮೂಲೆಯಲ್ಲಿ ಎರಡು ಮರದ ಪೆಟ್ಟಿಗೆ. ಅವುಗಳ ತುಂಬ ಪುಸ್ತಕ. ಯುದ್ಧದ ಕಾಲದಲ್ಲಿ ಇಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸಿಪಾಯಿಗಳು ಯುದ್ಧ ಮುಗಿದು ಊರು ಬಿಟ್ಟಾಗ ಅವರ ಸಾಮಾನುಗಳ ಜೊತೆ ಪುಸ್ತಕಗಳೂ ಹರಾಜಿಗೆ ಬಂದವಂತೆ. ಮಾಸ್ಟ್ರು ಅವನ್ನು ಅವೆನ್ಯೂ ರಸ್ತೆಯ ಹಳೇ ಪುಸ್ತಕದವನಿಂದ ತೂಕಕ್ಕೆ ತಂದಿದ್ದರು. ಕಥೆ ಕಾದಂಬರಿಗಳನ್ನೆಲ್ಲ ಅವನಿಗೇ ವಾಪಸು ಕೊಟ್ಟು, ಚರಿತ್ರೆ, ಕಾರ್ಖಾನೆ, ರೈಲು, ಗಣಿ, ಕೂಲಿಯವರ ಬದುಕು, ಇಂಥವನ್ನು ಮಾತ್ರ ಇಟ್ಟುಕೊಂಡಿದ್ದರು. ನಿವೃತ್ತಿಯಾದ ಮೇಲೆ ಓದೋಣ ಎಂದು ಕೂಡಿಟ್ಟರು, ಅಷ್ಟರಲ್ಲಿ ಕಣ್ಣು ಹೋಯಿತು.

ಮೊದಲ ದಿನ ನನ್ನ ಇಂಗ್ಲಿಷ್ ಓದು ಕೇಳಿ ಅವರು ಮುಖ ಸಿಂಡರಿಸಿದರು. "ನಿಲ್ಲಿಸಮ್ಮ. ಕಿವಿಗೆ ಮರಳು ಹಾಕಿದ ಹಾಗಿದೆ. ಅರ್ಥ ಆಗತ್ತಾ ನಿನಗೆ?"

"ಡಿಕ್ಷನರಿ ಇದ್ರೆ ಆಗತ್ತೆ ಸಾರ್."

"ಹಾಗಾದ್ರೆ ಮನಸ್ಸಲ್ಲಿ ಓದ್ಕೋ. ನನಗೆ ಕನ್ನಡದಲ್ಲಿ ಹೇಳು. ಒಂದು ಮಾತೂ ಬಿಡಬಾರದು."

ಹೀಗೆ ಶುರುವಾಯಿತು. ನಾನು ಒಂದು ಪುಟ ಓದಿಕೊಳ್ಳುವುದು, ತಿಳಿಯದ ಪದ ಹುಡುಕುವುದು, ಆಮೇಲೆ ಹೇಳುವುದು. ಅಷ್ಟು ಹೊತ್ತು ಅವರು ಅಲುಗಾಡದೆ ಕೂತಿರುತ್ತಿದ್ದರು. ನಾನು ಬಾಯಿ ಬಿಟ್ಟ ಕೂಡಲೇ ನಶ್ಯದ ಡಬ್ಬಿ ತೆರೆಯುತ್ತಿದ್ದರು.

ಅವರಿಗೆ ಇಂಗ್ಲಿಷರನ್ನು ಕಂಡರೆ ಆಗದು. ಮಿಲ್ಲಿನಲ್ಲಿ ದೊರೆಗಳ ಕೈಕೆಳಗೆ ದುಡಿದವರು. "ಅವರಿಗೆ ಗತ್ತು ಗೊತ್ತು, ಕೆಲಸ ಗೊತ್ತಿಲ್ಲ. ಅಮೆರಿಕದವನಿಗೆ ಕೆಲಸ ಗೊತ್ತು. ಮನುಷ್ಯನಿಂದ ಎಷ್ಟು ತೆಗೀಬಹುದೋ ಅಷ್ಟೂ ತೆಗೀತಾನೆ. ಅದೂ ಒಂದು ವಿದ್ಯೆ ಕಣಮ್ಮ," ಎನ್ನುತ್ತಿದ್ದರು.

ನನಗೆ ಅಮೆರಿಕ ಎಂದರೆ ಅಲ್ಲಿಯವರೆಗೆ ಹಾಲಿನ ಪುಡಿ. ಶಾಲೆಯಲ್ಲಿ ಕಲಸಿ ಕೊಡುತ್ತಿದ್ದರು. ಇನ್ನು ಸಿನಿಮಾ ಪೋಸ್ಟರಿನಲ್ಲಿ ಕಂಡ ಎತ್ತರದ ಕಟ್ಟಡಗಳು. ಆ ಪೆಟ್ಟಿಗೆಯ ಪುಸ್ತಕಗಳು ತೆರೆದು ತೋರಿಸಿದ ಅಮೆರಿಕವೇ ಬೇರೆ. ಹತ್ತಿ ಹೊಲಕ್ಕೆಂದು ಹಡಗಿನಲ್ಲಿ ಜನರನ್ನು ಸೌದೆಯಂತೆ ಒಟ್ಟಿ ತಂದದ್ದು. ಸಂತೆಯಲ್ಲಿ ನಿಲ್ಲಿಸಿ ಬಾಯಿ ತೆರೆಸಿ ಹಲ್ಲು ನೋಡಿದ್ದು. ತಾಯಿಯನ್ನು ಒಬ್ಬನಿಗೆ, ಮಗುವನ್ನು ಇನ್ನೊಬ್ಬನಿಗೆ ಮಾರಿದ್ದು. ನಮ್ಮೂರ ದನದ ಸಂತೆಯಲ್ಲಿ ಅಪ್ಪನ ಜೊತೆ ನಿಂತು ನೋಡಿದ್ದೆನಲ್ಲ, ಹಾಗೇ, ಬಾಲ ಎತ್ತಿ, ತೊಡೆ ತಟ್ಟಿ. ಇಲ್ಲಿಗೆ ಬಂದು ನಾನು ಪುಸ್ತಕ ಕೆಳಗಿಟ್ಟೆ. ಮಾಸ್ಟ್ರು, "ಸರಿ, ಅದು ವ್ಯಾಪಾರ. ಮುಂದೆ ಹೇಳು," ಎಂದರು.

ಹತ್ತಿ ಮಿಲ್ಲುಗಳ ಅಧ್ಯಾಯ ಬಂದಾಗ ಮಾತ್ರ ಅವರು ಮುಂದಕ್ಕೆ ಬಾಗಿ ಕೂತರು. ಎಳೆ ಮಕ್ಕಳು ಬೆಳಗಿನಿಂದ ಕತ್ತಲಾಗುವವರೆಗೆ ಯಂತ್ರಗಳ ನಡುವೆ ನಿಂತು ಕಡಿದ ನೂಲು ಗಂಟು ಹಾಕುತ್ತಿದ್ದರು. ಕೈ ಎಟುಕದವರಿಗೆ ಪೆಟ್ಟಿಗೆ ಹಾಕಿ ನಿಲ್ಲಿಸುತ್ತಿದ್ದರು. ನಿದ್ದೆ ಬಂದರೆ ಮುಖಕ್ಕೆ ತಣ್ಣೀರು. ಪುಸ್ತಕದಲ್ಲಿ ಒಂದು ಫೋಟೋ ಇತ್ತು: ಸಾಲಾಗಿ ನಿಂತ ಮಕ್ಕಳು, ತಲೆಯ ಮೇಲೆ ಹತ್ತಿಯ ಧೂಳು, ಮುಖ ಮಾತ್ರ ಮುದುಕರದು. ನಾನು ಅದನ್ನು ವಿವರಿಸಿದೆ. ಮಾಸ್ಟ್ರು ಕೇಳಿದ್ದು, ಒಂದು ಮಗುವಿಗೆ ನೂಲು ಸುತ್ತುವ ಎಷ್ಟು ಕದಿರು ನೋಡಿಕೊಳ್ಳಲು ಕೊಡುತ್ತಿದ್ದರು ಎಂದು. ಪುಸ್ತಕದಲ್ಲಿ ಅದು ಇರಲಿಲ್ಲ. ಅವರಿಗೆ ನಿರಾಸೆಯಾಯಿತು.

ನನಗೆ ಅವರ ಮೇಲಷ್ಟೇ ಅಲ್ಲ, ನನ್ನ ಮೇಲೂ ಹೇಸಿಗೆಯಾಗುತ್ತಿತ್ತು. ಯಾಕೆಂದರೆ ನಾನು ಬಿಡಲಾರದವಳಾಗಿದ್ದೆ. ಅವರು ಊಟಕ್ಕೆ ಎದ್ದಾಗ ಮುಂದಿನ ಪುಟಗಳನ್ನು ಕದ್ದು ಓದುತ್ತಿದ್ದೆ. ಪುಸ್ತಕ ಮುಚ್ಚುತ್ತಿದ್ದೆ, ಮತ್ತೆ ತೆರೆದು ಓದುತ್ತಿದ್ದೆ.

ಒಂದು ದಿನ ಒಂದು ಊರಿನ ಕಥೆ ಬಂತು. ಅಲ್ಲಿ ಒಬ್ಬ ಕರಿಯ ಮನುಷ್ಯನನ್ನು ಜನ ಮರಕ್ಕೆ ಕಟ್ಟಿ ಜೀವಂತ ಸುಟ್ಟಿದ್ದರು. ಅದನ್ನು ನೋಡಲು ಬುತ್ತಿ ಕಟ್ಟಿಕೊಂಡು ಬಂದಿದ್ದರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಆಮೇಲೆ ಫೋಟೋ ತೆಗೆಸಿ, ಕಾರ್ಡಿನ ಮೇಲೆ ಅಚ್ಚು ಹಾಕಿಸಿ, ದೂರದ ನಂಟರಿಗೆ ಅಂಚೆಯಲ್ಲಿ ಕಳಿಸಿದ್ದರು. ಹೇಳದೆ ಹಾಳೆ ತಿರುಗಿಸಿಬಿಟ್ಟೆ.

"ಎರಡು ಹಾಳೆ ಹಾರಿಸಿದೆ. ಯಾಕೆ?" ಎಂದರು ಮಾಸ್ಟ್ರು. ಕಣ್ಣು ಹೋದ ಮೇಲೆ ಕಿವಿ ಅಷ್ಟು ಚುರುಕಾಗಿತ್ತು.

"ಚೆನ್ನಾಗಿಲ್ಲ ಸಾರ್ ಅದು."

"ಚೆನ್ನಾಗಿರೋದು ಬೇಕಾದ್ರೆ ನಾನು ಹರಿಕಥೆಗೆ ಹೋಗ್ತಿದ್ದೆ. ಹೇಳು."

ಹೇಳಿದೆ. ಬುತ್ತಿಯನ್ನೂ ಬಿಡಲಿಲ್ಲ, ಕಾರ್ಡನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವರು ನಶ್ಯದ ಡಬ್ಬಿ ಮುಚ್ಚಿದರು. ಆಮೇಲೆ, "ಬಿಸಿಲು ಜಾಸ್ತಿ ಆಯ್ತು. ಕುರ್ಚಿ ಈ ಕಡೆ ಎಳಿ," ಎಂದರು.

ಅಂದು ಮನೆಗೆ ಹೋಗುವ ದಾರಿಯಲ್ಲಿ, ಮಾಗಡಿ ರಸ್ತೆ ದಾಟಿದ ಮೇಲೆ, ಅವರೆ ಹೊಲದ ಬದುವಿನಲ್ಲಿ ಕೂತು ವಾಂತಿ ಮಾಡಿದೆ. ಕೊಡ ಹೊತ್ತು ಬರುತ್ತಿದ್ದ ನಮ್ಮೂರ ಹೆಂಗಸೊಬ್ಬಳು ನನ್ನನ್ನು ಅನುಮಾನದಿಂದ ನೋಡಿ ಹೋದಳು. ಪುಸ್ತಕ ಓದಿ ವಾಂತಿಯಾಯಿತು ಎಂದರೆ ನಂಬುತ್ತಿದ್ದಳೇ?

ಅಮ್ಮ ನಂಬಿದಳು. ಆದರೆ ಅವಳಿಗೆ ಪುಸ್ತಕದ ವಿಷಯ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಮಾಸ್ಟ್ರ ವಿಷಯ. ದಿನಾ ಸಂಜೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಶುರುವಾಗುತ್ತಿತ್ತು.

"ಇವತ್ತು ಏನು ಮಾಡಿದ?"

"ಏನು ಮಾಡ್ತಾರೆ, ಕೂತಿರ್ತಾರೆ."

"ಎದ್ದು ಓಡಾಡೋಕೆ ಆಗತ್ತಾ?"

"ಗೋಡೆ ಹಿಡ್ಕೊಂಡು ಹೋಗ್ತಾರೆ. ಇವತ್ತು ಬಚ್ಚಲಿಗೆ ಹೋಗೋವಾಗ ಹೊಸ್ತಿಲು ಎಡವಿದ್ರು."

"ಬಿದ್ದನಾ?"

"ಇಲ್ಲ. ಸೊಸೆ ಬಂದು ಹಿಡ್ಕೊಂಡ್ರು. ಬೈದ್ರು."

"ಏನಂತ ಬೈದ್ಳು? ಸರಿಯಾಗಿ ಹೇಳೇ."

ಅಮ್ಮ ಅದನ್ನು ನನ್ನಿಂದ ಎರಡು ಮೂರು ಸಲ ಹೇಳಿಸಿಕೊಳ್ಳುತ್ತಿದ್ದಳು. ಊಟದಲ್ಲಿ ಅನ್ನ ಅವರ ಅಂಗಿಯ ಮೇಲೆ ಚೆಲ್ಲಿದ್ದು, ಮಗ ಅವರ ಮಾತಿಗೆ ಉತ್ತರ ಕೊಡದೆ ಹೋದದ್ದು, ಒಮ್ಮೆ ಪಂಚೆ ಕಳಚಿದ್ದು ಗೊತ್ತಾಗದೆ ಹಾಗೇ ನಡೆದದ್ದು. ಇದನ್ನೆಲ್ಲ ಕೇಳುವಾಗ ಅವಳ ಮುಖ ಕೆಂಡದ ಮುಂದೆ ಕೂತವರ ಮುಖದಂತೆ ಬೆಚ್ಚಗೆ ಅರಳುತ್ತಿತ್ತು. ನಾನು ಅದನ್ನು ಬರೀ ಕುತೂಹಲ ಎಂದುಕೊಂಡೆ.

ಪೆಟ್ಟಿಗೆಯಲ್ಲಿ ಒಂದು ನೀಲಿ ರಟ್ಟಿನ ಪುಸ್ತಕವಿತ್ತು. ಬರೆದಾಕೆ ಓದಿದ ಹೆಂಗಸು. ತಾನು ಯಾರೆಂದು ಹೇಳದೆ ಬೇರೆ ಬೇರೆ ಕಾರ್ಖಾನೆಗಳಲ್ಲಿ ಕೂಲಿಗೆ ಸೇರಿ, ಅಲ್ಲಿ ಕಂಡದ್ದನ್ನು ಬರೆದಿದ್ದಳು. ಉಪ್ಪಿನಕಾಯಿ ತುಂಬುವ ಕಡೆ, ಬಟ್ಟೆ ಒಗೆಯುವ ಕಡೆ, ಕೊನೆಗೆ ಒಂದು ನೂಲಿನ ಮಿಲ್ಲು. ಅಲ್ಲಿ ಹೆಂಗಸರು ಪಾಯಿಖಾನೆಗೆ ಹೋಗಬೇಕಾದರೆ ಮೇಲ್ವಿಚಾರಕನ ಮುಂದೆ ಹೋಗಿ ಕೈ ಎತ್ತಿ ನಿಲ್ಲಬೇಕು. ಅವನು ಗಡಿಯಾರ ನೋಡುತ್ತಾನೆ. ಮನಸ್ಸು ಬಂದರೆ ಬಿಡುತ್ತಾನೆ. ತಡವಾಗಿ ಬಂದರೆ ಎಲ್ಲರ ಮುಂದೆ ಗಟ್ಟಿಯಾಗಿ ಯಾಕೆ ತಡ ಎಂದು ಕೇಳುತ್ತಾನೆ.

ನಾನು ಇಷ್ಟು ಹೇಳುವಷ್ಟರಲ್ಲಿ ಮಾಸ್ಟ್ರು ನಗತೊಡಗಿದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊಟ್ಟೆ ಕುಲುಕುತ್ತಿತ್ತು.

"ನಾನು ಅವನಿಗಿಂತ ಬುದ್ಧಿವಂತ ಕಣಮ್ಮ. ಕೈ ಎತ್ತಿಸೋದೇನು, ಕೇಳಿಸ್ಕೊಳೋದೇನು! ನಾನು ಎರಡೇ ಎರಡು ಹಿತ್ತಾಳೆ ಬಿಲ್ಲೆ ಮಾಡಿಸಿದ್ದೆ. ಇಡೀ ವಿಭಾಗಕ್ಕೆ ಎರಡು. ನನ್ನ ಮೇಜಿನ ಪಕ್ಕ ಮೊಳೆಗೆ ನೇತುಹಾಕಿದ್ದೆ. ಬಿಲ್ಲೆ ಇದ್ರೆ ತಗೊಂಡು ಹೋಗು. ಇಲ್ದಿದ್ರೆ ಕಾಯಿ. ಅಷ್ಟೆ. ಮಾತೇ ಇಲ್ಲ. ದೊರೆ ನೋಡಿ ಬೆನ್ನು ತಟ್ಟಿದ. ಅಮೆರಿಕದಲ್ಲೂ ಇದಿಲ್ಲ ಅಂದ."

"ಹೆಂಗಸರಿಗೆ ತಡ್ಕೊಳೋಕೆ ಆಗದೆ ಇದ್ರೆ ಸಾರ್?"

"ಅಭ್ಯಾಸ ಆಗತ್ತೆ. ಯಾವುದು ಅಭ್ಯಾಸ ಆಗಲ್ಲ ಹೇಳು?"

ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಸೊಸೆ ಕೇಳಿಸಿಕೊಳ್ಳುತ್ತಿದ್ದರು ಎಂದು ಗೊತ್ತಾಯಿತು. ಮಾಸ್ಟ್ರು ಕಣ್ಣೊರೆಸಿಕೊಂಡು ಮೂಗು ಸೀಟಿದರು. ಆ ಕರ್ಚೀಫು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಕಾಫಿ ಬಂತು. ನಾನು ಮುಟ್ಟಲಿಲ್ಲ.

ಆ ಸಂಜೆ ಅಮ್ಮ ಕೇಳುವ ಮೊದಲೇ ನಾನು ಎಲ್ಲವನ್ನೂ ಹೇಳಿದೆ, ಬಿಲ್ಲೆಯ ವಿಷಯ, ನಗು, ಬೆನ್ನು ತಟ್ಟಿದ್ದು. ಅಪ್ಪ ಇನ್ನೂ ಬಂದಿರಲಿಲ್ಲ. ತಮ್ಮ ಹೊರಗೆ ಗೋಲಿ ಆಡುತ್ತಿದ್ದ. ಅಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಕೇಳಿ ಮುಗಿಸಿ, ಬಿಡಿಸಿದ ಕಾಳನ್ನೆಲ್ಲ ಮೊರದ ಒಂದು ಬದಿಗೆ ಸರಿಸಿದಳು.

"ನಿನ್ನ ತಮ್ಮ ಹೊಟ್ಟೇಲಿದ್ದ," ಎಂದಳು. "ಏಳು ತಿಂಗಳು. ಆವಾಗ ಎಷ್ಟು ಸಲ ಹೋಗಬೇಕಾಗತ್ತೆ ಅಂತ ನಿನಗೆ ಮುಂದೆ ಗೊತ್ತಾಗತ್ತೆ ಬಿಡು. ಎರಡು ಬಿಲ್ಲೇನೂ ಮೊಳೇಲಿ ಇರಲಿಲ್ಲ. ಹೋಗಿ ಮೊಳೆ ನೋಡಿದೆ, ಬಂದೆ. ಮತ್ತೆ ಹೋದೆ. ಅವನು ತಲೆ ಎತ್ತಲಿಲ್ಲ. 'ಸಾಮಿ, ಆಗ್ತಾ ಇಲ್ಲ' ಅಂದೆ. 'ಮೊಳೆ ಹತ್ರ ಕೇಳು' ಅಂದ."

ಅವಳು ಇನ್ನೊಂದು ಕಾಯಿ ಎತ್ತಿಕೊಂಡು, ಬಿಡಿಸದೆ ಕೈಯಲ್ಲೇ ಹಿಡಿದುಕೊಂಡಳು.

"ಯಂತ್ರದ ಹತ್ರನೇ ಆಗೋಯ್ತು ಕಣೇ. ನಿಂತ ಹಾಗೇ. ಬರೀ ನೀರಲ್ಲ, ಎಲ್ಲಾ. ನನಗೆ ಆವತ್ತು ಹೊಟ್ಟೆ ಸರಿ ಇರಲಿಲ್ಲ. ಅವನು ಎದ್ದು ಬಂದ. ಮೂಗು ಮುಚ್ಕೊಂಡ. ಯಂತ್ರ ನಿಲ್ಸಿ ಎಲ್ಲಾ ಹೆಂಗಸ್ರನ್ನೂ ಕರೆದ. ನೋಡಿ ಅಂದ. ಸೀರೆ ಸೆರಗಲ್ಲೇ ಒರೆಸು ಅಂದ. ಒರೆಸಿದೆ. ಅದೇ ಸೀರೆ ಉಟ್ಕೊಂಡು ಪೇಟೆಯಿಂದ ಇಲ್ಲಿಗೆ ನಡ್ಕೊಂಡು ಬಂದೆ. ಮತ್ತೆ ಹೋಗಲಿಲ್ಲ. ನಿಮ್ಮಪ್ಪಂಗೆ ಸೊಂಟ ನೋವು ಅಂದೆ."

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಅದೂ ಅವಳ ಮೇಲೆ.

"ಗೊತ್ತಿದ್ದೂ ನನ್ನನ್ನ ಅಲ್ಲಿಗೆ ಕಳಿಸಿದ್ಯಾ? ಅವನ ಮುಂದೆ ಕೂತ್ಕೊಳೋಕೆ?"

"ಅವನಿಗೆ ಕಣ್ಣು ಹೋಯ್ತು ಅಂತ ಕೇಳಿದೆ," ಎಂದಳು ಅಮ್ಮ, ಯಾವ ನಾಚಿಕೆಯೂ ಇಲ್ಲದೆ. "ನೋಡಬೇಕು ಅನ್ನಿಸ್ತು. ನಾನು ಹೋಗೋಕಾಗಲ್ಲ. ನೀನು ದಿನಾ ಬಂದು ಹೇಳ್ತಿದ್ದೆ. ಎಡವಿದ, ಅನ್ನ ಚೆಲ್ಲಿಕೊಂಡ ಅಂತ. ಅದನ್ನ ಕೇಳಿದ ದಿನ ನನಗೆ ನಿದ್ದೆ ಚೆನ್ನಾಗಿ ಬರ್ತಿತ್ತು."

ನಾನು ಎದ್ದು ಬಾವಿಯ ಕಡೆಗೆ ಹೋದೆ. ಅಲ್ಲಿ ಬಹಳ ಹೊತ್ತು ನಿಂತೆ. ಪುಸ್ತಕದ ಅಮೆರಿಕ, ವರಾಂಡದ ಮುದುಕ, ಅವನ ಪಾಡನ್ನು ದಿನಾ ಸಂಜೆ ತಿಂಡಿಯಂತೆ ಸವಿದ ನಮ್ಮಮ್ಮ, ಆ ತಿಂಡಿಯನ್ನು ಹೊತ್ತು ತಂದ ನಾನು. ಯಾವುದರ ಮೇಲೆ ಹೆಚ್ಚು ಹೇಸಿಗೆ ಎಂದು ಹೇಳಲಾರದೆ ಹೋದೆ. ಮೈಮೇಲೆಲ್ಲ ಏನೋ ಮೆತ್ತಿಕೊಂಡ ಹಾಗಿತ್ತು.

ಮಾರನೆಯ ದಿನ ಅಮ್ಮ ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ನಾನು ಹೋದೆ. ಮಾಸ್ಟ್ರು ನೆನ್ನೆ ಬಿಟ್ಟಲ್ಲಿಂದ ಶುರುಮಾಡು ಎಂದರು. ನೀಲಿ ರಟ್ಟಿನ ಪುಸ್ತಕ ತೆರೆದು ತೊಡೆಯ ಮೇಲೆ ಇಟ್ಟುಕೊಂಡೆ. ಓದಲಿಲ್ಲ. ಓದುವವಳಂತೆ ಸ್ವಲ್ಪ ಹೊತ್ತು ಸುಮ್ಮನಿದ್ದೆ, ಒಂದು ಹಾಳೆ ತಿರುಗಿಸಿದೆ. ಆಮೇಲೆ ಹೇಳತೊಡಗಿದೆ.

ಆ ಮಿಲ್ಲಿನಲ್ಲಿ ಒಬ್ಬ ಬಸುರಿ ಇದ್ದಳು ಎಂದೆ. ಬೇರೆ ದೇಶದಿಂದ ಬಂದ ಬಡವಿ ಎಂದೆ. ಅವಳು ಮೇಲ್ವಿಚಾರಕನ ಮುಂದೆ ಎರಡು ಸಲ ಹೋಗಿ ನಿಂತದ್ದು, ಅವನು ಗಡಿಯಾರ ನೋಡಿ ಆಗಲ್ಲ ಎಂದು ತಲೆಯಾಡಿಸಿದ್ದು. ಆಮೇಲೆ ನಡೆದದ್ದು. ಯಂತ್ರ ನಿಲ್ಲಿಸಿದ್ದು, ಎಲ್ಲರನ್ನೂ ಕರೆದದ್ದು, ಅವಳ ಸ್ಕರ್ಟಿನಿಂದಲೇ ನೆಲ ಒರೆಸಿದ್ದು, ಅದೇ ಬಟ್ಟೆಯಲ್ಲಿ ಅವಳು ಊರ ಬೀದಿಗಳನ್ನು ದಾಟಿ ಮನೆಗೆ ಹೋದದ್ದು. ಊರು, ಸೀರೆ, ಬಿಲ್ಲೆ ಇಷ್ಟನ್ನು ಬಿಟ್ಟು ಮತ್ತೇನನ್ನೂ ನಾನು ಬದಲಾಯಿಸಲಿಲ್ಲ. ನನ್ನ ದನಿ ಗಟ್ಟಿಯಾಗಿತ್ತು. ಅವರ ಮುಖವನ್ನೇ ನೋಡುತ್ತಿದ್ದೆ. ಎಲ್ಲಿಯೋ ಒಂದು ಕಡೆ ಅದು ಬಿರಿಯುತ್ತದೆ ಎಂದು ಕಾಯುತ್ತಿದ್ದೆ.

ಮಾಸ್ಟ್ರ ಕೈಯಲ್ಲಿ ನಶ್ಯದ ಚಿಟಿಕೆ ಹಾಗೇ ನಿಂತಿತ್ತು. ಮೂಗಿಗೆ ಏರಿಸಲಿಲ್ಲ.

"ಥೂ," ಎಂದರು. "ಎಂಥಾ ಜನ ಅಮ್ಮ ಇವರು! ಬಸುರಿ ಹೆಂಗಸಿಗೆ! ಮನುಷ್ಯರಾ ಇವರು?" ಚಿಟಿಕೆಯಲ್ಲಿದ್ದ ನಶ್ಯವನ್ನು ನೆಲಕ್ಕೆ ಕೊಡವಿದರು. "ನಮ್ಮಲ್ಲಿ ಏನೇ ಇದ್ದರೂ ಇಷ್ಟು ಇರಲಿಲ್ಲ. ನಮ್ಮವರಿಗೆ ಕರುಳು ಅನ್ನೋದು ಒಂದಿದೆ."

ಅವರು ನಟಿಸುತ್ತಿರಲಿಲ್ಲ. ಅದನ್ನು ನಾನು ಇವತ್ತಿಗೂ ಪ್ರಮಾಣ ಮಾಡಿ ಹೇಳಬಲ್ಲೆ. ನಟಿಸಿದ್ದರೆ ನನಗೆ ಅಷ್ಟು ಅಸಹ್ಯ ಆಗುತ್ತಿರಲಿಲ್ಲ. ನಮ್ಮಮ್ಮ ಇಷ್ಟು ವರ್ಷ ಒಳಗೆ ಹೊತ್ತು ತಿರುಗಿದ ದಿನ ಅವರ ತಲೆಯಲ್ಲಿ ಇರಲೇ ಇಲ್ಲ. ಒಂದು ಚೂರೂ ಉಳಿದಿರಲಿಲ್ಲ.

ನಾನು ಪುಸ್ತಕ ಮುಚ್ಚಿದೆ. "ಇದು ಪುಸ್ತಕದಲ್ಲಿಲ್ಲ ಸಾರ್. ಇದು ಅಮೆರಿಕದಲ್ಲಿ ಆಗಿದ್ದಲ್ಲ. ನಿಮ್ಮ ಮಿಲ್ಲಲ್ಲಿ ಆಗಿದ್ದು. ಆ ಬಸುರಿ ನಮ್ಮಮ್ಮ. ಒರೆಸು ಅಂದಿದ್ದು ನೀವು."

ಹೊರಗೆ ಯಾರೋ ಕಲ್ಲು ಒಡೆಯುತ್ತಿದ್ದರು. ಮಾಸ್ಟ್ರು ಕತ್ತನ್ನು ನನ್ನ ಕಡೆಗೆ ತಿರುಗಿಸಿ ಯೋಚಿಸಿದರು. ತಪ್ಪು ಸಿಕ್ಕಿಬಿದ್ದವರ ಯೋಚನೆಯಲ್ಲ. ಅಂಗಡಿಯವನು ಯಾವ ಗಿರಾಕಿ ಎಂದು ನೆನಪಿಸಿಕೊಳ್ಳುತ್ತಾನಲ್ಲ, ಹಾಗೆ.

"ಯಾರು ನಿಮ್ಮಮ್ಮ?"

ಹೆಸರು ಹೇಳಿದೆ.

"ಹೆಸರು ಹೇಳಿದ್ರೆ ನನಗೆ ಗೊತ್ತಾಗಲ್ಲಮ್ಮ. ಟಿಕೆಟ್ ನಂಬರ್ ಎಷ್ಟು?"

ಮಿಲ್ಲಿನಲ್ಲಿ ಆಳುಗಳಿಗೆಲ್ಲ ಒಂದೊಂದು ನಂಬರ್ ಇರುತ್ತಿತ್ತು. ನನಗೆ ಅಮ್ಮನ ನಂಬರ್ ಗೊತ್ತಿರಲಿಲ್ಲ. ಸ್ಟೂಲಿನಿಂದ ಎದ್ದೆ. ಬಾಗಿಲ ಹಿಂದೆ ಸೊಸೆ ನಿಂತಿದ್ದರು, ಬಾಯಿಗೆ ಸೆರಗು ಒತ್ತಿಕೊಂಡು. ಅವರನ್ನೂ ನೋಡದೆ ಹೊರಟೆ. ಹಿಂದಿನಿಂದ ಮಾಸ್ಟ್ರು, "ಎಲ್ಲಿಗೆ ಹೋದೆ? ಪುಸ್ತಕ ಪೆಟ್ಟಿಗೆಗೆ ಹಾಕಿದೆಯಾ?" ಎಂದು ಕೂಗುವುದು ಕೇಳಿಸಿತು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಇನ್ನು ಮುಂದೆ ಹೋಗುವುದಿಲ್ಲ ಎಂದೂ ಹೇಳಿದೆ. "ನೆನಪೇ ಇಲ್ವಂತಾ?" ಎಂದು ಮಾತ್ರ ಕೇಳಿದಳು. ಇಲ್ಲ ಎಂದೆ. ಅವಳ ಮುಖ ಬಾಡಿತು. ಆ ಮುದುಕ ಬಿದ್ದರೆ, ಎಡವಿದರೆ, ಅದಕ್ಕೊಂದು ಅರ್ಥವಿತ್ತು ಅವಳಿಗೆ. ಅವನಿಗೆ ನೆನಪೇ ಇಲ್ಲ ಎಂದ ಮೇಲೆ ಆ ಬೀಳುವಿಕೆ ಬರೀ ಮುದುಕನೊಬ್ಬನ ಬೀಳುವಿಕೆಯಾಯಿತು.

ಒಂದು ವಾರ ಕಳೆದಿರಬಹುದು. ಮಧ್ಯಾಹ್ನ ಮಾಸ್ಟ್ರ ಸೊಸೆ ನಮ್ಮ ಮನೆ ಹುಡುಕಿಕೊಂಡು ಬಂದರು. ಅಪ್ಪ ಕೆಲಸಕ್ಕೆ ಹೋಗಿದ್ದ. ಹೊಸ್ತಿಲ ಹೊರಗೇ ನಿಂತು, ನನ್ನನ್ನಲ್ಲ, ಅಮ್ಮನನ್ನು ನೋಡಿ ಹೇಳಿದರು: "ಮಾವನೋರು ಊಟ ಸರಿಯಾಗಿ ಮಾಡ್ತಾ ಇಲ್ಲ. ಹುಡುಗೀನ ಕರೆಸಿ ಅಂತ ಒಂದೇ ಹಟ. ನೀವು ಕಳಿಸದೆ ಇದ್ರೂ ನಾನು ತಪ್ಪು ತಿಳ್ಕೊಳಲ್ಲ ಕಣಮ್ಮ. ಕೇಳಿ ಬಾ ಅಂದ್ರು, ಬಂದೆ." ಅವರು ಅಮ್ಮನ ಕಣ್ಣು ತಪ್ಪಿಸುತ್ತಿದ್ದರು. ಅವತ್ತು ಕೇಳಿದ್ದೆಲ್ಲ ಅವರ ಮುಖದಲ್ಲಿ ಇತ್ತು.

"ಅವಳು ಬರಲ್ಲ," ಎಂದಳು ಅಮ್ಮ. "ನಡೀರಿ, ನಾನು ಬರ್ತೀನಿ."

ನಾನು ಬೇಡ ಎಂದೆ. ಅವಳು ಒಳಗೆ ಹೋಗಿ ಒಗೆದ ಸೀರೆ ಉಟ್ಟು, ತಲೆ ಬಾಚಿ, ಹಣೆಗೆ ಇಟ್ಟುಕೊಂಡು ಹೊರಟಳು. ಸೊಸೆ ಮುಂದೆ, ಅಮ್ಮ ಹಿಂದೆ. ಹೊಲದ ದಾರಿಯಲ್ಲಿ ಇಬ್ಬರೂ ಮರೆಯಾಗುವವರೆಗೆ ನೋಡುತ್ತ ನಿಂತೆ. ಅಲ್ಲಿ ಅವಳು ಏನು ಮಾಡಬಹುದು ಎಂದು ಏನೇನೋ ಊಹಿಸಿದೆ. ಉಗಿಯಬಹುದು. ಕೈ ಎತ್ತಲೂಬಹುದು. ಎತ್ತಲಿ ಎಂದು ನನ್ನ ಮನಸ್ಸು ಹಾರೈಸುತ್ತಿತ್ತು.

ಸಂಜೆಯ ಮುಂಚೆಯೇ ವಾಪಸು ಬಂದಳು. ಚೊಂಬಿನಲ್ಲಿ ನೀರು ತೆಗೆದುಕೊಂಡು ಕುಡಿದು ಕೂತಳು.

"ಏನಾಯ್ತಮ್ಮ?"

"ಹೋಗಿ ಎದುರಿಗೆ ನಿಂತೆ. ಯಾರು ಅಂದ. ನಂಬರ್ ಹೇಳಿದೆ."

ಅವಳಿಗೆ ಅದು ಇಷ್ಟು ವರ್ಷವೂ ಬಾಯಿಪಾಠವಿತ್ತು!

"ತಕ್ಷಣ ಗೊತ್ತಾಯ್ತು ಕಣೇ ಅವನಿಗೆ. 'ಹ್ಞಾ, ಬಾಗಿಲ ಪಕ್ಕದ ಸಾಲು. ಎಡಗೈಯವಳು' ಅಂದ. ನಾನು ಎಡಗೈಯವಳು ಅಂತ ನಿಮ್ಮಪ್ಪಂಗೇ ಮದುವೆ ಆಗಿ ಆರು ತಿಂಗಳು ಗೊತ್ತಿರಲಿಲ್ಲ."

"ಆ ದಿನದ್ದು ಹೇಳಿದ್ಯಾ?"

"ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವನೇ ಕೇಳಿದ, 'ನಿನ್ನ ಸಾಲಲ್ಲಿ ನೂಲು ಕಡೀತಾನೇ ಇರಲಿಲ್ಲ. ಅಷ್ಟು ಒಳ್ಳೇ ಕೈ. ಯಾಕಮ್ಮ ಬಿಟ್ಟೆ?' ಅಂತ."

ಅಮ್ಮ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಒಳ್ಳೇ ಕೈ ಅಂದ," ಎಂದಳು ಮತ್ತೆ.

ಆ ದನಿಯನ್ನು ನಾನು ಹೇಗೆ ಬರೆಯಲಿ? ಅದರಲ್ಲಿ ಹೆಮ್ಮೆಯಿತ್ತು. ಎಷ್ಟು ಒರೆಸಿದರೂ ಹೋಗದಂಥ ಹೆಮ್ಮೆ. ಅವನು ಅವಳನ್ನು ನೆಲ ಒರೆಸುವ ಬಟ್ಟೆ ಮಾಡಿದ್ದ, ಆ ದಿನವನ್ನು ಮರೆತೂ ಬಿಟ್ಟಿದ್ದ. ಕೈಯ ಕೆಲಸವನ್ನು ಮಾತ್ರ ನೆನಪಿಟ್ಟುಕೊಂಡಿದ್ದ. ಅಷ್ಟಕ್ಕೇ ಇವಳು ಅರಳಿ ಬಂದಿದ್ದಳು. "ಅಷ್ಟು ಹೇಳಿದ್ದಕ್ಕೆ ಸುಮ್ನೆ ಬಂದುಬಿಟ್ಯಾ?" ಎಂದು ಕಿರುಚಿದೆ.

"ಬೇರೆ ಯಾರು ಹೇಳಿದ್ದಾರೆ ನನಗೆ ಆ ಮಾತು?" ಎಂದಳು ಅಮ್ಮ. ಎದ್ದು ಒಲೆ ಹೊತ್ತಿಸಲು ಹೋದಳು.

ಮಾಸ್ಟ್ರು ಆಮೇಲೆ ಇನ್ನೂ ಎರಡು ವರ್ಷ ಬದುಕಿದ್ದರು. ಯಾರು ಓದಿ ಹೇಳುತ್ತಿದ್ದರೋ ನನಗೆ ತಿಳಿಯದು. ನಾನು ಟ್ರೈನಿಂಗ್ ಮುಗಿಸಿ ಕೆಂಗೇರಿಯ ಶಾಲೆಯಲ್ಲಿ ಮೇಡಮ್ ಆದೆ. ಮೊದಲ ವರ್ಷ ಪೇಟೆಯ ಲೈಬ್ರರಿಯಲ್ಲಿ ಆ ನೀಲಿ ರಟ್ಟಿನ ಪುಸ್ತಕದ ಇನ್ನೊಂದು ಪ್ರತಿ ಸಿಕ್ಕಿತು. ನಾನು ಬಿಟ್ಟು ಬಂದ ಪುಟದಿಂದ ಮುಂದೆ ಓದಿದೆ. ಆ ಮಿಲ್ಲಿನ ಹೆಂಗಸರು ಒಂದು ಬೆಳಗ್ಗೆ ಕೆಲಸ ನಿಲ್ಲಿಸಿ, ಹಿಮದಲ್ಲಿ ಹೊರಗೆ ಬಂದು ನಿಂತಿದ್ದರು. ಕಂಪನಿಯ ಕಾವಲುಗಾರರು ಅವರ ಮೇಲೆ ಕೊರೆಯುವ ನೀರು ಹಾಯಿಸಿದ್ದರು. ಹಲವರು ಕಾಯಿಲೆ ಬಿದ್ದರು, ಹಲವರು ಮರಳಿ ಕೆಲಸಕ್ಕೆ ಹೋದರು. ಒಂದಿಬ್ಬರು ಮಾತ್ರ ಮತ್ತೆಂದೂ ಆ ಗೇಟಿನೊಳಗೆ ಕಾಲಿಡಲಿಲ್ಲ ಎಂದು ಆ ಲೇಖಕಿ ಬರೆದಿದ್ದಳು.

ಊರಿಗೆ ಹೋದಾಗ ಅದನ್ನು ಅಮ್ಮನಿಗೆ ಹೇಳತೊಡಗಿದೆ. ಮೊದಲ ಸಲ ಅವಳು ಪುಸ್ತಕದ ವಿಷಯ ಕಿವಿಗೊಟ್ಟು ಕೇಳಿದಳು.

"ಹಾಯಿಸಿದ್ದು ತಣ್ಣೀರಾ? ಹಿಮದಲ್ಲಾ?"

"ಹೂಂ."

ಅವಳು ಮುಖವನ್ನು ಪಕ್ಕಕ್ಕೆ ತಿರುಗಿಸಿ ಅಂಗಳಕ್ಕೆ ಉಗಿದಳು. "ಹೇಳು, ಆಮೇಲೆ?" ಎಂದಳು.